ಪುಟ ಇನ್ನೂರ ಹನ್ನೆರಡು

ನಾನು ದುಭಾಷಿ. ಬ್ರಸೆಲ್ಸಿನ ಸಭಾಂಗಣದ ಹಿಂಬದಿ
ಗಾಜಿನ ಗೂಡಿನಲ್ಲಿ ಕೂತು
ಇನ್ನೊಬ್ಬರ ‘ನಾನು’ ಆಗುವುದು ನನ್ನ ಕಸುಬು.
ಸದಸ್ಯರು ಕೆಮ್ಮಿದರೆ ಕೆಮ್ಮುವುದಿಲ್ಲ, ಅಷ್ಟೆ;
ಉಳಿದದ್ದೆಲ್ಲ ನನ್ನ ಬಾಯಿಂದಲೇ:
ನಾನು ಹಾಲಿನ ದರ ಇಳಿಸಲಾರೆ,
ನಾನು ಬಲೆಯ ಕಣ್ಣಿನ ಈ ಅಳತೆ ಒಪ್ಪಲಾರೆ,
ನಾನು ಈ ಕುರಿತು ವಿಷಾದಿಸುತ್ತೇನೆ.
ಹದಿನಾಲ್ಕು ವರ್ಷ. ವಿಷಾದಿಸಿ ವಿಷಾದಿಸಿ ಗಂಟಲಿಗೆ ಶುಂಠಿ.

ಆ ಮಂಗಳವಾರ ಆಯವ್ಯಯ ಸಮಿತಿ.
ದೊಡ್ಡವರ ಕಲಿಕೆಗೆ, ಯುವಜನರಿಗೆ ಇಟ್ಟ ಹಣದಲ್ಲಿ
ಎಷ್ಟು ಕೊಯ್ಯಬೇಕು ಎಂಬ ಲೆಕ್ಕ.
ಸಂಘಗಳ ಒಕ್ಕೂಟಕ್ಕೆ ಕೊಟ್ಟದ್ದು ಮೂರು ನಿಮಿಷ.
ಅಷ್ಟಕ್ಕಾಗಿ ಅವರು ಹನ್ನೊಂದು ತಿಂಗಳು ಪತ್ರ ಬರೆದಿದ್ದರು,
ಲಿಫ್ಟಿನ ಬಾಗಿಲಲ್ಲಿ ಕಾದಿದ್ದರು,
ಕಾಫಿ ಯಂತ್ರದ ಬಳಿ ಯಾರ್‍ಯಾರದೋ ಕಾರ್ಯದರ್ಶಿಗಳಿಗೆ ನಕ್ಕಿದ್ದರು.
ಒಕ್ಕೂಟದ ಬ್ರೆಡಾ, ಹಿಮ್ಮಡಿ ಸವೆದ ಬೂಟಿನವಳು,
ಭಾಷಣದ ಹಾಳೆ ನನಗೆ ಮೊದಲೇ ಕಳಿಸಿದ್ದಳು:
‘ಹೂಡಿದ ಒಂದೊಂದು ಯೂರೋ ಇಷ್ಟಿಷ್ಟಾಗಿ ಮರಳುತ್ತದೆ.’
ಇಂಥ ವಾಕ್ಯ ನಾನು ನಿದ್ದೆಯಲ್ಲೂ ಅನುವಾದಿಸುತ್ತೇನೆ.

ಆದರೆ ಮೈಕಿನ ಮುಂದೆ ಕೂತವಳು ಬ್ರೆಡಾ ಅಲ್ಲ.
ದೆಯೊಲಿಂದಾ, ಅರವತ್ತೆಂಟು, ಪೋರ್ಚುಗಲ್ಲಿನ ದಕ್ಷಿಣದವಳು,
ಬಿರಡೆಯ ಕಾರ್ಖಾನೆಯಲ್ಲಿ ನಲವತ್ತು ವರ್ಷ
ಓಕ್ ಮರದ ತೊಗಟೆ ಬೇಯಿಸಿದವಳು.
ಪಕ್ಕದಲ್ಲಿ ತೆಲ್ಮು, ಇಪ್ಪತ್ತು,
ರೈಲು ಬಾರದ ರೈಲು ನಿಲ್ದಾಣದಲ್ಲಿ
ಸಂಜೆ ಅಕ್ಷರ ಕಲಿಸುವ ಹುಡುಗ. ಶಾಲೆ ಬಿಟ್ಟವನೇ ಅವನೂ.

ಅವಳು ಹಾಳೆ ಮಡಚಿ ಚೀಲಕ್ಕಿಟ್ಟಳು.
ಮೇಜಿನ ದಪ್ಪ ಕಡತ ಎಳೆದುಕೊಂಡು ಕೇಳಿದಳು:
‘ನಮ್ಮ ತರಗತಿಯ ಕತ್ತು ಕೊಯ್ಯುವ ಪುಟ ಯಾವುದು?’
(ನಾನು: ನಮ್ಮ ತರಗತಿಯ ಕತ್ತು ಕೊಯ್ಯುವ ಪುಟ ಯಾವುದು?)
ಯಾರೋ ನಕ್ಕರು. ಯಾರೋ ಹೇಳಿದರು, ಇನ್ನೂರ ಹನ್ನೆರಡು.
‘ಓದುತ್ತೇನೆ. ನಾನೇ.’

ಬೆರಳಿಟ್ಟಳು.
ಅ. ನು.
ಅನು. ದಾ.
ನಾನು ಬಾಯಿ ತೆರೆದೆ, ಮುಚ್ಚಿದೆ.
ಅರ್ಧ ಪದಕ್ಕೆ ಅನುವಾದವಿಲ್ಲ.
ಅನು ಎಂದರೆ ಏನೂ ಆಗಬಹುದು: ಅನುಮಾನ, ಅನುರಾಗ, ಅನುಗಾಲ.
ಸಾಲು ಗೂಡುಗಳಲ್ಲಿ ನನ್ನಂಥವರೆಲ್ಲ
ಬಾಯಿ ತೆರೆದುಕೊಂಡು ಕಾದರು, ಗುಟುಕಿಗೆ ಕಾಯುವ ಮರಿಗಳ ಹಾಗೆ.
ನ. ಅನುದಾನ.
ಅಷ್ಟರಲ್ಲಿ ಹಳದಿ ದೀಪ.

ಮುಂದಿನದು ಉದ್ದ ಪದ, ಒತ್ತಕ್ಷರದ್ದು: ತರ್ಕಬದ್ಧಗೊಳಿಸುವಿಕೆ.
ಕತ್ತರಿಗೆ ಈ ಕಟ್ಟಡದಲ್ಲಿ ಇಟ್ಟ ಹೆಸರು.
ಅಲ್ಲಿ ಎಡವಿದಳು. ಹಿಂದೆ ಹೋದಳು. ಮತ್ತೆ ಎಡವಿದಳು.
ತೆಲ್ಮು ತುಟಿ ಕಚ್ಚಿಕೊಂಡ, ಹೇಳಿಕೊಡಲಿಲ್ಲ.
ಹೇಳಿಕೊಡಬಾರದು, ಅದು ಆ ತರಗತಿಯ ನಿಯಮವಂತೆ.

ಹೆಡ್‌ಫೋನುಗಳಲ್ಲಿ ಮೌನ. ಕೆಟ್ಟಿದೆಯೆಂದು
ಡೆನ್ಮಾರ್ಕಿನವರು ಗುಂಡಿ ತಿರುವಿದರು, ತಟ್ಟಿದರು,
ಕೊನೆಗೆ ಕಳಚಿಟ್ಟರು. ಇನ್ನೊಬ್ಬರು. ಮತ್ತೊಬ್ಬರು.
ಭಾಷೆ ಬಾರದವರೆಲ್ಲ ಅವಳ ಬೆರಳು ನೋಡುತ್ತಿದ್ದರು,
ತೊಗಟೆ ಬಣ್ಣದ ಉಗುರು ಅಕ್ಷರದಿಂದ ಅಕ್ಷರಕ್ಕೆ ಹೋಗುವುದನ್ನು,
ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಡುವವರನ್ನು
ದಡದವರು ನೋಡುವಂತೆ.

ಕೆಂಪು ದೀಪ. ಅಧ್ಯಕ್ಷೆ ಸುತ್ತಿಗೆ ಮುಟ್ಟಿ, ಬಿಟ್ಟಳು.
ಆರು ನಿಮಿಷ ನಲವತ್ತು ಸೆಕೆಂಡಿಗೆ ವಾಕ್ಯ ಮುಗಿಯಿತು. ಒಂದೇ ವಾಕ್ಯ.
‘ಇದನ್ನು ಬರೆದವರು,’ ಎಂದಳು,
‘ನಾನು ಓದಲಿಕ್ಕಿಲ್ಲ ಎಂದುಕೊಂಡು ಬರೆದಿದ್ದಾರೆ.
ಎರಡು ಚಳಿಗಾಲದ ಹಿಂದೆ ಬಂದಿದ್ದರೆ ಹೆಬ್ಬೆಟ್ಟೊತ್ತಿ ಕೊಡುತ್ತಿದ್ದೆ.’
(ನಾನು: ಹೆಬ್ಬೆಟ್ಟೊತ್ತಿ ಕೊಡುತ್ತಿದ್ದೆ.)
ನನ್ನ ಹೆಬ್ಬೆರಳು ನೋಡಿಕೊಂಡೆ.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಿತ್ತು.
ಮತಕ್ಕೆ ಹಾಕಿದರು. ಶೇಕಡಾ ಮೂವತ್ತರ ಕಡಿತ
ಇಪ್ಪತ್ತೆರಡಕ್ಕೆ ಇಳಿಯಿತು.
ಬ್ರೆಡಾ ಕಾರಿಡಾರಿನ ಗೋಡೆಗೊರಗಿ ತನ್ನ ಭಾಷೆಯಲ್ಲಿ ಏನೋ ಅಂದಳು.
ಆ ಭಾಷೆ ನನಗೆ ಬಾರದು. ಆದರೂ ತಿಳಿಯಿತು:
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಆಮೇಲೆ ಫೋನು ತೆಗೆದು, ನಿಂತಲ್ಲೇ,
ಬರುವ ವರ್ಷದ ಸಮಿತಿಗೆ ಪತ್ರ ಶುರುಮಾಡಿದಳು.

ನಡಾವಳಿಯಲ್ಲಿ ದಾಖಲಾದದ್ದು: ವಕ್ತಾರರು ಸಮಯ ಮೀರಿದರು.

ಹೊರಗೆ ಬಸ್ಸಿಗೆ ಕಾಯುತ್ತ ದೆಯೊಲಿಂದಾ
ಎದುರಂಗಡಿಯ ಫಲಕ ಓದುತ್ತಿದ್ದಳು, ಪರಭಾಷೆಯದು,
ಅರ್ಥದ ಹಂಗಿಲ್ಲದೆ, ಜೋರಾಗಿ, ತಪ್ಪುತಪ್ಪಾಗಿ.
ತೆಲ್ಮು ತಿದ್ದಲಿಲ್ಲ.
ನನಗೆ ಆ ಭಾಷೆ ಬರುತ್ತದೆ. ನಾನೂ ತಿದ್ದಲಿಲ್ಲ.